ಗ ಬೇರೆ, ಗಾ ಬೇರೆ

ಅವರ ಬಲಗಣ್ಣು ಎಡಗಣ್ಣಿಗಿಂತ ದೊಡ್ಡದಾಗಿತ್ತು. ಹುಟ್ಟಿನಿಂದ ಹಾಗಿರಲಿಲ್ಲವಂತೆ. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ, ದಿನಕ್ಕೆ ಆರೇಳು ಗಂಟೆ, ಎಡಗಣ್ಣು ಮುಚ್ಚಿ ಬಲಗಣ್ಣನ್ನು ಸೂಕ್ಷ್ಮದರ್ಶಕದ ಕೊಳವೆಗೆ ಒತ್ತಿ ಕೂತು ಕೂತು ಒಂದು ರೆಪ್ಪೆ ಅರ್ಧಕ್ಕೇ ನಿಂತುಬಿಟ್ಟಿತ್ತು. ಇನ್ನೊಂದು ಕಣ್ಣು ಸದಾ ಅಗಲವಾಗಿ ತೆರೆದಿರುತ್ತಿತ್ತು. ಅದರ ಸುತ್ತ ಬಳೆ ಒತ್ತಿದಂಥ ಕಂದು ಗುರುತು. ಯಾರಾದರೂ ಮಾತಾಡಿಸಿದರೆ ತಲೆಯನ್ನು ಸ್ವಲ್ಪ ಓರೆ ಮಾಡಿ ಆ ಒಂದೇ ಕಣ್ಣಿನಲ್ಲಿ ನೋಡುತ್ತಿದ್ದರು. ಮೊದಲ ದಿನ ನನ್ನನ್ನು ಹಾಗೆ ನೋಡಿದಾಗ, ಗಾಜಿನ ಪಟ್ಟಿಯ ಮೇಲೆ ಜಜ್ಜಿ ಹರಡಿದ ಚಿಟ್ಟೆ ನಾನೇ ಏನೋ ಅನ್ನಿಸಿತು.

ನೋಡಿ ಮುಗಿಸಿ ಅವರು ಹೇಳಿದ್ದು ಇಷ್ಟೆ: "ಆ ಕುರ್ಚಿ ನಂದು. ಏಳು."

ರಾಮನಗರದಿಂದ ಕನಕಪುರದ ಕಡೆ ಹೋಗುವ ರಸ್ತೆಯಲ್ಲಿ ಆಗ ಒಂದು ಖಾಸಗಿ ರೇಷ್ಮೆ ಮೊಟ್ಟೆ ಕೇಂದ್ರವಿತ್ತು. ರೈತರಿಗೆ ಬೇಕಾದ ರೇಷ್ಮೆಹುಳುವಿನ ಮೊಟ್ಟೆಗಳನ್ನು ಹಾಳೆಗಳ ಮೇಲೆ ಇಡಿಸಿ ಮಾರುವ ಜಾಗ. ಬಿಡದಿಯ ಸುತ್ತ ಒಂದೊಂದೇ ಕಾರ್ಖಾನೆ ಏಳುತ್ತಿದ್ದ ಕಾಲ ಅದು. ನಮ್ಮ ಯಜಮಾನರಿಗೂ ಹುರುಪು ಬಂದು, ಕನಕಪುರ ಮತ್ತು ಮಾಗಡಿಯಲ್ಲಿ ಒಂದೊಂದು ಮಾರಾಟದ ಕೌಂಟರ್ ತೆರೆದು, ಮೂರು ಕಡೆಯ ಮಾಹಿತಿಯನ್ನೂ ಒಂದೇ ಕಂಪ್ಯೂಟರಿನಲ್ಲಿ ಇಡಬೇಕೆಂದು ನನ್ನನ್ನು ಕೆಲಸಕ್ಕೆ ಸೇರಿಸಿಕೊಂಡಿದ್ದರು. ಚನ್ನಪಟ್ಟಣದಲ್ಲಿ ಓದಿ ಡಿಪ್ಲೊಮಾ ಮುಗಿಸಿದ್ದ ನನಗೆ ಆಗ ಇಪ್ಪತ್ತೆರಡು. ದಿನಾ ಬೆಳಗಿನ ರೈಲಿಗೆ ಬರುತ್ತಿದ್ದೆ.

ಅವರು ಆ ಕೇಂದ್ರದ ಪರೀಕ್ಷಕಿ. ಎಲ್ಲರೂ ಪರೀಕ್ಷೆ ಮೇಡಂ ಅನ್ನುತ್ತಿದ್ದರು. ಮೊಟ್ಟೆ ಇಟ್ಟು ಸತ್ತ ತಾಯಿ ಚಿಟ್ಟೆಗಳನ್ನು ಸಣ್ಣ ಒರಳಿನಲ್ಲಿ ಅರೆದು, ಒಂದು ತೊಟ್ಟು ರಸವನ್ನು ಗಾಜಿನ ಮೇಲೆ ಹಾಕಿ ನೋಡುವುದು ಅವರ ಕೆಲಸ. ಅದರಲ್ಲಿ ಮಿನುಗುವ ಅಕ್ಕಿಕಾಳಿನಂಥ ಒಂದು ಕಣ ಕಂಡರೆ ಗಂಟುರೋಗ ಇದೆ ಎಂದು ಅರ್ಥ. ತಾಯಿಯಿಂದ ಮೊಟ್ಟೆಗೆ ಇಳಿಯುವ ರೋಗ ಅದು. ಅಂಥ ಮೊಟ್ಟೆ ಒಬ್ಬ ರೈತನ ಮನೆ ಸೇರಿದರೆ ಹುಳುವೂ ಹೋಯಿತು, ಗೂಡೂ ಹೋಯಿತು, ಮುಂದಿನ ಬೆಳೆಗೂ ಆ ಮನೆ ಹಾಳು. ಆದ್ದರಿಂದ ಒಂದು ಕಣ ಕಂಡರೂ ಆ ತಂಡದ, ಅಂದರೆ ಆ ಲಾಟಿನ, ಅಷ್ಟೂ ಹಾಳೆಗಳನ್ನು ಸುಡಿಸುತ್ತಿದ್ದರು. ಯಜಮಾನರು ಎಷ್ಟು ಗೋಗರೆದರೂ ಒಂದು ಹಾಳೆ ಬಿಡುತ್ತಿರಲಿಲ್ಲ.

ಒಮ್ಮೆ ನೋಡಿದ್ದನ್ನು ಎರಡನೇ ಸಲ ನೋಡುವ ಅಭ್ಯಾಸ ಅವರಿಗಿತ್ತು. ಉಳಿದ ಚಿಟ್ಟೆಗಳನ್ನು ಒಣಗಿಸಿಟ್ಟು ವಾರದ ಮೇಲೆ ಮತ್ತೆ ಅರೆಯುತ್ತಿದ್ದರು. "ಒಂದ್ಸಲ ನೋಡಿ ಏನೂ ಇಲ್ಲ ಅಂದ್ರಲ್ಲ, ಮತ್ಯಾಕೆ?" ಎಂದು ಯಾರಾದರೂ ಕೇಳಿದರೆ, "ಕಾಣ್ನಿಲ್ಲ ಅಂದೆ. ಇಲ್ಲ ಅನ್ನನಿಲ್ಲ" ಎನ್ನುತ್ತಿದ್ದರು.

ಮಧ್ಯಾಹ್ನ ನಮಗೆ ಬೆನ್ನು ಹಾಕಿ ಕೂತು ರಾಗಿರೊಟ್ಟಿ, ಹುಚ್ಚೆಳ್ಳು ಚಟ್ನಿ ತಿನ್ನುತ್ತಿದ್ದರು. ಉಣ್ಣುವ ಮೊದಲು ಮೂರು ಸಲ, ಉಂಡಾದ ಮೇಲೆ ಮೂರು ಸಲ ಕೈ ತೊಳೆಯುತ್ತಿದ್ದರು. ರೈತರ ಮನೆಯ ಯಾವ ಶುಭಕಾರ್ಯಕ್ಕೂ ಹೋಗುತ್ತಿರಲಿಲ್ಲ. ಹುಳು ಸಾಕುವ ಮನೆಯ ಹೊಸಿಲನ್ನಂತೂ ದಾಟುತ್ತಲೇ ಇರಲಿಲ್ಲ. ದಿನವಿಡೀ ರೋಗದ ಜೊತೆ ಇರುವವಳು, ಸೀರೆಯ ನೆರಿಗೆಯಲ್ಲಿ ಏನನ್ನು ಹೊತ್ತು ತಂದಿರುತ್ತೀನೋ ಎಂಬ ಭಯ. ಜನ ಅದನ್ನು ಜಂಬ ಎಂದುಕೊಂಡಿದ್ದರು. ನಾನೂ ಹಾಗೆಯೇ ಅಂದುಕೊಂಡಿದ್ದೆ.

ನನ್ನ ಮೇಲೆ ಅವರಿಗಿದ್ದ ಹಗೆಗೆ ಕಾರಣ ಹುಡುಕಬೇಕಾಗಿರಲಿಲ್ಲ. ಅವರು ಕೈಯಾರೆ ಬರೆದ ಲಾಟ್ ಪುಸ್ತಕಗಳ ಜಾಗಕ್ಕೆ ನನ್ನ ಯಂತ್ರ ಬರುತ್ತಿತ್ತು. ನನ್ನನ್ನು 'ಕಂಪ್ಯೂಟ್ರಮ್ಮ' ಎಂದು ಕರೆಯುತ್ತಿದ್ದರು. ನಾನು ತಂದುಕೊಟ್ಟ ಟೀ ಆರಿ ಕೆನೆಗಟ್ಟುತ್ತಿತ್ತು, ಅವರು ಮುಟ್ಟುತ್ತಿರಲಿಲ್ಲ. ನಾನು ಪುಸ್ತಕ ಕೇಳಿದರೆ "ಕೈ ತೊಳಕಂಡು ಬಾ" ಎನ್ನುವರು. ತೊಳೆದು ಬಂದರೆ "ಒರಸ್ಕಂಡು ಬಾ" ಎನ್ನುವರು. ನಾನೂ ಸುಮ್ಮನಿರುವವಳಲ್ಲ. ಅವರು ಬಂದಾಗ ಬೇಕೆಂದೇ ಕೀಲಿಮಣೆಯನ್ನು ಜೋರಾಗಿ ಕುಟ್ಟುತ್ತಿದ್ದೆ.

ಹೀಗಿರುವಾಗ ಡೇಟಾಬೇಸ್ ಸರ್ವರ್ ಹಾಕುವ ದಿನ ಬಂತು. ಯಾವ ಲಾಟಿನ ಮೊಟ್ಟೆ ಯಾವ ರೈತನಿಗೆ ಹೋಯಿತು ಎಂಬುದನ್ನೆಲ್ಲ ತನ್ನೊಳಗೆ ಇಟ್ಟುಕೊಂಡು, ಕೇಳಿದಾಗ ಹುಡುಕಿಕೊಡುವ ತಂತ್ರಾಂಶ ಅದು. ನಮಗಾಗಿ ಪ್ರೋಗ್ರಾಂ ಬರೆದುಕೊಟ್ಟ ಬೆಂಗಳೂರಿನವರು ಎರಡು ಸೀಡಿ ಕಳಿಸಿದ್ದರು. ಒಂದರಲ್ಲಿ ಸರ್ವರಿನ ಹಳೆಯ ಆವೃತ್ತಿ, ಇನ್ನೊಂದರಲ್ಲಿ ಆಗತಾನೆ ಬಂದಿದ್ದ ಹೊಸದು. ಫೋನಿನಲ್ಲಿ ಕೇಳಿದೆ. "ನಾನು ಪರೀಕ್ಷೆ ಮಾಡಿರೋದು ಹಳೇದರಲ್ಲಿ. ಹೊಸದರಲ್ಲೂ ಆಗಬೇಕು" ಎಂದರು.

ನನಗೆ ಹೊಸದೇ ಬೇಕಿತ್ತು. ಬಿಡದಿಯ ಒಂದು ಕಾರ್ಖಾನೆಯವರು ಆ ಹೊಸ ಆವೃತ್ತಿ ಬಲ್ಲವರು ಬೇಕೆಂದು ಜಾಹೀರಾತು ಕೊಟ್ಟಿದ್ದರು. ಇಲ್ಲಿ ಆರು ತಿಂಗಳು ಅದರ ಮೇಲೆ ಕೈ ಪಳಗಿಸಿಕೊಂಡು ಅಲ್ಲಿಗೆ ಹಾರುವುದು ನನ್ನ ಲೆಕ್ಕಾಚಾರ. ಯಜಮಾನರ ಮುಂದೆ ಮಾತ್ರ ಬೇರೆ ಹೇಳಿದೆ. ಹೊಸದು ವೇಗ, ಹೊಸದು ಭದ್ರ, ಹಳೆಯದನ್ನು ನಾಳೆ ಕೇಳುವವರಿರುವುದಿಲ್ಲ ಎಂದೆ.

ಪರೀಕ್ಷೆ ಮೇಡಂ ಬಾಗಿಲಿಗೆ ಒರಗಿ ನಿಂತಿದ್ದರು. "ಹಳೇದ್ರಾಗೆ ಏನಿಲ್ಲ?" ಎಂದು ಕೇಳಿದರು.

"ಬಹಳ ಇಲ್ಲ ಮೇಡಂ."

"ನಮಗೆ ಬೇಕಾದ್ದು ಯಾವುದು ಇಲ್ಲ? ಒಂದು ಯೋಳು."

ನಾನು ಮಾತು ತಿರುಗಿಸಿದೆ. "ಹೊಸದರಲ್ಲೂ ಆಗಬೇಕು ಅಂತ ಅವರೇ ಹೇಳಿದಾರೆ" ಎಂದೆ.

"ಆಗಬೇಕು ಅಂದ್ರೆ? ಆಗ್ತದೋ, ಆಗಕಿಲ್ವೋ?" ಅವರು ಯಜಮಾನರ ಕಡೆ ತಿರುಗಿದರು. "ನೋಡಿ, ನನ್ ಪುಸ್ತಕದಾಗಿಂದ ಒಂದರ ಹಿಂದೊಂದು ನೂರು ಲಾಟ್ ಹೊಸದ್ರಾಗೆ ಹಾಕಿ ತಗದು ತೋರಿಸ್ಲಿ. ನೂರೂ ಸರಿಯಾಗಿ ಬಂದ್ರೆ ಹೊಸದೇ ಇರ್ಲಿ. ನಾನು ಉಸಿರು ಬುಡಕಿಲ್ಲ."

ಯಜಮಾನರಿಗೆ ಅದು ನ್ಯಾಯವಾಗಿ ಕಂಡಿತು. ನನಗೆ ಒಂದು ವಾರ ಕೊಟ್ಟರು. ಪರೀಕ್ಷೆ ಮೇಡಂ ಐದು ಪುಸ್ತಕಗಳನ್ನು ತಂದು ನನ್ನ ಮೇಜಿನ ಮೇಲೆ ಧೊಪ್ಪನೆ ಹಾಕಿದರು. ಪ್ರತಿಯೊಂದಕ್ಕೂ ಬಟ್ಟೆಯ ದಾರ ಸುತ್ತಿ ಗಂಟು ಹಾಕಿತ್ತು.

ಆ ವಾರ ನಾನು ಮಾಡಿದ್ದನ್ನು ಹೇಳಲೇಬೇಕು. ಮೇಲಿನ ಒಂದು ಪುಸ್ತಕ ಬಿಚ್ಚಿದೆ. ಒಂದೊಂದು ಪುಟದಿಂದ ಒಂದೊಂದರಂತೆ ಹತ್ತು ಲಾಟ್ ಹೆಕ್ಕಿ ಹಾಕಿದೆ. ಹತ್ತೂ ಸರಿಯಾಗಿ ಬಂದವು. ಹತ್ತು ಬಂದರೆ ನೂರೂ ಬರುತ್ತದೆ, ಈ ಹೆಂಗಸಿನ ಹಟಕ್ಕೆ ನಾನು ಯಾಕೆ ಕೂಲಿ ಮಾಡಲಿ ಎಂದುಕೊಂಡೆ. ವಾರ ಕಳೆದ ಮೇಲೆ ಯಜಮಾನರಿಗೆ "ನೂರೂ ಸರಿಯಾಗಿದೆ ಸಾರ್" ಎಂದೆ. ಪರೀಕ್ಷೆ ಮೇಡಂ ಪುಸ್ತಕಗಳನ್ನು ಎತ್ತಿಕೊಳ್ಳಲು ಬಂದರು, ಒಂದೊಂದನ್ನೂ ತಿರುಗಿಸಿ ನೋಡಿದರು, ನನ್ನನ್ನು ಆ ಕಣ್ಣಿನಿಂದ ನೋಡಿದರು. ಏನೂ ಅನ್ನಲಿಲ್ಲ. ಗೆದ್ದೆ ಅಂದುಕೊಂಡೆ.

ಹೊಸ ಆವೃತ್ತಿ ಕೂತಿತು. ಪುಸ್ತಕ ಬರೆಯುವುದನ್ನು ನಿಲ್ಲಿಸಬೇಕೆಂದು ಯಜಮಾನರು ಅಪ್ಪಣೆ ಮಾಡಿದರು. ಪರೀಕ್ಷೆ ಮೇಡಂ ಕದ್ದುಮುಚ್ಚಿ ಬರೆಯುತ್ತಾರೆ ಎಂದುಕೊಂಡಿದ್ದೆ. ಇಲ್ಲ. ಅಪ್ಪಣೆ ಅಂದರೆ ಅಪ್ಪಣೆ. ಪೆನ್ನಿಗೆ ಮುಚ್ಚಳ ಹಾಕಿ ಡ್ರಾಯರಿನಲ್ಲಿ ಇಟ್ಟುಬಿಟ್ಟರು.

ಮೂರು ತಿಂಗಳು ಕಳೆಯಿತು. ಒಂದು ಬೆಳಿಗ್ಗೆ ಅವರು ಪರೀಕ್ಷೆಯ ಕೋಣೆಯಿಂದ ಹೊರಗೆ ಬಂದು, ನೆಟ್ಟಗೆ ಯಜಮಾನರ ಮುಂದೆ ನಿಂತರು. ನಾನು ಅಲ್ಲೇ ಇದ್ದೆ.

"ಹೋದ ವಾರದ 'ಗ' ಲಾಟ್‌ನಾಗೆ ಗಂಟು ಐತೆ. ಈಗ ಎರಡನೇ ಸಲ ನೋಡಿದಾಗ ಕಾಣ್ತು. ಮೊದಲ್ನೇ ಸಲ ನನ್ ಕಣ್ಣಿಗೆ ಬೀಳ್ನಿಲ್ಲ. ತಪ್ಪು ನಂದು."

ಇಷ್ಟನ್ನೇ, ಇಷ್ಟೇ ನೇರವಾಗಿ ಹೇಳಿದರು. ಆ ಲಾಟ್ ಆಗಲೇ ರೈತರ ಮನೆ ಸೇರಿತ್ತು. ಮೊಟ್ಟೆ ಒಡೆದು ಹುಳು ಹೊರಬರಲು ಇನ್ನು ಮೂರು ನಾಲ್ಕು ದಿನ ಇತ್ತು. ಅಷ್ಟರೊಳಗೆ ಹಾಳೆಗಳನ್ನು ವಾಪಸು ತಂದು ಸುಡಬೇಕು.

"ಲಿಸ್ಟ್ ತೆಗಿಯಮ್ಮ" ಎಂದರು ಯಜಮಾನರು.

ಪ್ರತಿ ವಾರದ ಲಾಟುಗಳಿಗೆ ಕಾಗುಣಿತದ ಅಕ್ಷರಗಳನ್ನು ಗುರುತಾಗಿ ಇಡುವುದು ಪರೀಕ್ಷೆ ಮೇಡಂ ಮೊದಲಿನಿಂದ ಮಾಡಿಕೊಂಡು ಬಂದ ಪದ್ಧತಿ. ಒಂದು ವಾರ ಕ, ಕಾ, ಕಿ. ಮುಂದಿನ ವಾರ ಗ, ಗಾ, ಗಿ. ನಾನು 'ಗ' ಎಂದು ಒತ್ತಿದೆ. ಎಂಟು ಹೆಸರು ಬಂದವು. ಅಚ್ಚು ಹಾಕಿ ಕೊಟ್ಟ ಪಟ್ಟಿಯನ್ನು ಪರೀಕ್ಷೆ ಮೇಡಂ ಕಣ್ಣಿನ ಹತ್ತಿರ ಹಿಡಿದು ಓದಿದರು.

"ಬೈರಾಪಟ್ಟಣದೋನು ಎಲ್ಲಿ?"

"ಯಾರು?"

"ಹಾಳೆ ಮಾಸಲಾಗೈತೆ ಅಂತ ನನ್ ಕೂಡೆ ಜಗಳ ಆಡ್ಕಂಡು ಹೋದ್ನಲ್ಲ, ಆವಯ್ಯ. ಅವನ ಹಾಳೆಗೆ 'ಗ' ಚೀಟಿ ನಾನೇ ಅಂಟಿಸಿದ್ದು. ಎಲ್ಲವನೆ?"

ನಾನು 'ಗಾ' ಎಂದು ಒತ್ತಿ ನೋಡಿದೆ. ಅದೇ ಎಂಟು ಹೆಸರು. ಮತ್ತೆ 'ಗ' ಒತ್ತಿದೆ. ಅದೇ ಎಂಟು.

ಆಮೇಲೆ ತಿಳಿದದ್ದು ಇದು. ಆ ಕಾಲದ ನಮ್ಮ ಕನ್ನಡ ಅಕ್ಷರಗಳು ತೆರೆಯ ಮೇಲೆ ಕನ್ನಡವಾಗಿ ಕಂಡರೂ ಒಳಗಡೆ ಇಂಗ್ಲಿಷ್ ಅಕ್ಷರಗಳಾಗಿಯೇ ಇರುತ್ತಿದ್ದವು. ಗ ಮತ್ತು ಗಾ ನಡುವಿನ ವ್ಯತ್ಯಾಸ, ಒಳಗೆ ಒಂದು ಅಕ್ಷರದ ನೆತ್ತಿಯ ಮೇಲಿನ ಸಣ್ಣ ಗೀಟು ಎಡಕ್ಕೆ ವಾಲಿದೆಯೋ ಬಲಕ್ಕೆ ವಾಲಿದೆಯೋ ಎಂಬುದಷ್ಟೆ. ಹಳೆಯ ಆವೃತ್ತಿ ಆ ಗೀಟನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತಿತ್ತು. ಹೊಸದು ಹೋಲಿಸಿ ನೋಡುವಾಗ ಗೀಟನ್ನು ಬಿಟ್ಟುಬಿಡುತ್ತಿತ್ತು. ಅದಕ್ಕೆ ಗ, ಗಾ ಎರಡೂ ಒಂದೇ. ಗಾ ಲಾಟಿನ ರೈತರ ಹೆಸರು ಹಾಕಿದಾಗ, ಇದು ಹಿಂದಿನದೇ ಎಂದು ತಿಳಿದು ಗ ಲಾಟಿನ ಹೆಸರುಗಳನ್ನು ಅಳಿಸಿ ಅವುಗಳ ಮೇಲೆ ಬರೆದಿತ್ತು. ಮೂರು ತಿಂಗಳಿಂದ ಪ್ರತಿ ವಾರ ಹೀಗೇ ಆಗಿತ್ತು. ನಾನು ಪುಸ್ತಕದ ಎರಡೇ ಸಾಲನ್ನು ಒಂದರ ಹಿಂದೊಂದು ಹಾಕಿದ್ದರೂ ಗೊತ್ತಾಗುತ್ತಿತ್ತು.

ಅವರಿಗೆ ಇದೆಲ್ಲ ವಿವರ ಬೇಕಾಗಿರಲಿಲ್ಲ. ತೆರೆಯನ್ನು ನೋಡಿ, "ಗ ಬೇರೆ, ಗಾ ಬೇರೆ ಕಣವ್ವ. ಒಂದ್ನೇ ಕ್ಲಾಸ್ ಮಕ್ಕಳಿಗೂ ಗೊತ್ತು" ಎಂದರು.

ಉಳಿದ ದಾರಿ ಒಂದೇ. ಆ ವಾರದ ರಸೀತಿ ಪ್ರತಿಗಳಲ್ಲಿ ರೈತರ ಹೆಸರು, ಊರು ಇತ್ತು. ಲಾಟಿನ ಗುರುತು ಇರಲಿಲ್ಲ. ಗುರುತು ಇದ್ದದ್ದು ರೈತರ ಮನೆಯಲ್ಲಿದ್ದ ಹಾಳೆಗಳ ಮೇಲೆ ಮಾತ್ರ. ಆದ್ದರಿಂದ ಆ ವಾರ ಮೊಟ್ಟೆ ಒಯ್ದ ಪ್ರತಿಯೊಬ್ಬರ ಮನೆಗೂ ಹೋಗಿ ಹಾಳೆ ನೋಡಬೇಕು. ಫೋನು ಇದ್ದವರಿಗೆ ಯಜಮಾನರು ಫೋನು ಹಿಡಿದು ಕೂತರು. ಮಿಕ್ಕವರ ಊರುಗಳಿಗೆ ಕೇಂದ್ರದ ಜೀಪಿನಲ್ಲಿ ಪರೀಕ್ಷೆ ಮೇಡಂ, ನಾನು ಇಬ್ಬರೂ ಹೊರಟೆವು. ಮುಂದೆ ಚಾಲಕನ ಪಕ್ಕ ಅವರು, ಹಿಂದೆ ನಾನು. ಮೂರು ದಿನದಲ್ಲಿ ನಮ್ಮಿಬ್ಬರ ನಡುವೆ ಆಡಿದ ಮಾತನ್ನು ಬೆರಳಲ್ಲಿ ಎಣಿಸಬಹುದು.

ಮೊದಲು ಬೈರಾಪಟ್ಟಣ. ಜಗಳಗಂಟ ರೈತ ಅಂಗಳದಲ್ಲೇ ಸಿಕ್ಕಿದ. ನಾನು "ಲಾಟ್‌ನಲ್ಲಿ ಸ್ವಲ್ಪ ತೊಂದರೆ ಆಗಿದೆ" ಎಂದು ಶುರುಮಾಡಿದೆ.

ಜೀಪಿನ ಒಳಗಿಂದ ಅವರ ದನಿ ಬಂತು. "ಒಸಿ ಸರಿಯಾಗಿ ಯೋಳು. ರೋಗ ಬಂದಿರಾದು ನನ್ ಕಣ್ಣಿನ ತಪ್ಪು. ತಡ ಆಗಿರಾದು ನಿನ್ ಯಂತ್ರದ ತಪ್ಪು. ಎರಡೂ ಯೋಳು."

ಮನೆಮನೆಯಲ್ಲೂ ಅದನ್ನೇ ಹೇಳಿದೆ. ಕೆಲವರು ಬೈದರು. ಒಬ್ಬ ಮುದುಕ ಕೈಲಿದ್ದ ಕುಡುಗೋಲನ್ನು ನೆಲಕ್ಕೆ ಎಸೆದು ಒಳಗೆ ಹೋದ. 'ಗ' ಚೀಟಿ ಇದ್ದ ಹಾಳೆಗಳನ್ನು ತಂದು ಪರೀಕ್ಷೆ ಮೇಡಂ ಕೈಗೆ ಕೊಟ್ಟರೆ, ಅವರು ಒಂದೊಂದನ್ನೂ ಮಡಿಸಿ ತಗಡಿನ ಡಬ್ಬಿಗೆ ಹಾಕಿ ಮುಚ್ಚಳ ಬಿಗಿದು ಕೂರುತ್ತಿದ್ದರು.

ದೂರದ್ದೆಂದು ಮಾಗಡಿಯ ಕಡೆಯನ್ನು ಕೊನೆಗೆ ಇಟ್ಟುಕೊಂಡಿದ್ದೆವು. ಮೂರನೇ ದಿನ ಮಧ್ಯಾಹ್ನ ಕೆಂಪಾಪುರ ಮುಟ್ಟಿದಾಗ ಒಂದು ಮನೆಯಲ್ಲಿ ಮೊಟ್ಟೆ ಒಡೆದುಬಿಟ್ಟಿತ್ತು. ಆ ವರ್ಷದ ಬಿಸಿಲಿಗೆ ಒಂದು ದಿನ ಮುಂಚೆಯೇ. ಆ ಮನೆಯ ಹೆಂಗಸು ತಟ್ಟೆಯನ್ನು ಬಾಗಿಲಿಗೆ ತಂದು ತೋರಿಸಿದಳು. ಸಣ್ಣಗೆ ಹೆಚ್ಚಿದ ಎಳೆಯ ಹಿಪ್ಪುನೇರಳೆ ಸೊಪ್ಪಿನ ಮೇಲೆ ಇರುವೆಗಿಂತ ಸಣ್ಣ ಕಪ್ಪು ಹುಳುಗಳು ಹರಿದಾಡುತ್ತಿದ್ದವು. ಅಂಚಿನಲ್ಲಿ ಅಂಟಿಕೊಂಡ ಹಾಳೆಯ ಮೇಲೆ 'ಗ'.

ನಾನು ಹೇಳಬೇಕಾದ್ದನ್ನು ಹೇಳಿದೆ. ಅವಳು ತಟ್ಟೆಯಂಚಿಗೆ ಬಂದಿದ್ದ ಒಂದು ಹುಳುವನ್ನು ಸೊಪ್ಪಿನ ಮೇಲಕ್ಕೆ ಸರಿಸಿದಳು.

"ನೆನ್ನೆ ಬಂದಿದ್ರೆ ಹಾಳೆ ಸುಡ್ತಿದ್ದೆ ಕಣವ್ವ. ಈಗ ಜೀವ ಸುಡು ಅಂತಿದ್ದೀಯಲ್ಲ" ಎಂದಳು. ತಟ್ಟೆಯನ್ನು ನನ್ನ ಕೈಗೆ ಇಟ್ಟಳು. "ನನ್ ಕೈಲಿ ಆಗಕಿಲ್ಲ. ನೀನೇ ಸುಡು."

ಹಿಂತಿರುಗಿ ನೋಡಿದೆ. ಪರೀಕ್ಷೆ ಮೇಡಂ ರಸ್ತೆಯಂಚಿನಲ್ಲಿ, ಹುಳುಮನೆಯಿಂದ ಇಪ್ಪತ್ತು ಮಾರು ದೂರದಲ್ಲಿ ನಿಂತಿದ್ದರು. ಅವರು ಬರುವುದಿಲ್ಲ ಎಂದು ನನಗೆ ಗೊತ್ತಿತ್ತು. ಹಿತ್ತಲಲ್ಲಿ ಒಣ ಸೊಪ್ಪಿನ ಕಡ್ಡಿಗಳನ್ನು ಒಟ್ಟಿ, ಬೆಂಕಿ ಕೊಟ್ಟು, ತಟ್ಟೆಯನ್ನು ಬೋರಲು ಹಾಕಿದೆ. ಚಿಟಿಚಿಟಿ ಎಂದು ಸಣ್ಣ ಸದ್ದು ಬಂತು. ಅದು ಕಡ್ಡಿಯ ಸದ್ದೇ ಇರಬಹುದು. ಆ ಹೆಂಗಸು ಗೋಡೆಗೆ ಮುಖ ಮಾಡಿ ನಿಂತಿದ್ದಳು.

ವಾಪಸು ಬರುವಾಗ ಜೀಪಿನಲ್ಲಿ ನಾನು ಅಳುತ್ತಿದ್ದೆ. ಅವರು ಹಿಂದೆ ತಿರುಗದೆಯೇ ಮಾತಾಡಿದರು.

"ಐದು ಪುಸ್ತಕದಾಗೆ ನೀನು ಬಿಚ್ಚಿದ್ದು ಒಂದೇ. ನಾಕರ ಗಂಟು ನಾನು ಹಾಕಿದಂಗೇ ಇತ್ತು."

ನನ್ನ ಅಳು ನಿಂತಿತು. "ಆವತ್ತೇ ಗೊತ್ತಿತ್ತಾ?"

"ಗೊತ್ತಿತ್ತು."

"ಗೊತ್ತಿದ್ದೂ ಸುಮ್ಮನಿದ್ರಾ?"

"ನಾನು ಯೋಳಿದ್ರೆ ಹೊಟ್ಟೆಕಿಚ್ಚು ಅಂತಿದ್ರು. ನೀನೇ ಬಂದು ಯೋಳ್ತೀಯೇನೋ ಅಂತ ಕಾದೆ. ನೀನು ಬರನಿಲ್ಲ."

"ಈ ಪಾಪದಲ್ಲಿ ನಿಮಗೂ ಅರ್ಧ ಇದೆ ಮೇಡಂ!" ಎಂದು ಕಿರುಚಿದೆ. ಚಾಲಕ ಬೆಚ್ಚಿ ಜೀಪು ನಿಧಾನ ಮಾಡಿದ.

"ಅದೆ" ಎಂದರು. "ಇಲ್ಲ ಅಂದ್ನಾ?"

ಆ ಸಿಟ್ಟು ನನ್ನಲ್ಲಿ ಇವತ್ತಿಗೂ ಇದೆ. ಒಂದು ಮಾತು ಆಡಿದ್ದರೆ ಸಾಕಿತ್ತು. ಯಜಮಾನರ ಹತ್ತಿರ ಬೇಡ, ನನ್ನನ್ನೇ ಕರೆದು ಕೆನ್ನೆಗೆ ಹೊಡೆದು ಕೇಳಬಹುದಿತ್ತು. ತಾನು ಸರಿ ಎಂಬುದು ತಾನಾಗಿ ರುಜುವಾಗಲಿ ಎಂದು ಕಾದು ಕೂತರು. ಅದನ್ನು ನಾನು ಕ್ಷಮಿಸಿಲ್ಲ. ಅವರೂ ನನ್ನನ್ನು ಕ್ಷಮಿಸಿದಂತೆ ಕಾಣಲಿಲ್ಲ.

ಮಾರನೆಯ ದಿನ ಯಜಮಾನರಿಗೆ ನಾನೇ ಹೇಳಿದೆ. ನೂರಲ್ಲ, ಹತ್ತು ಎಂದೆ. ಯಾಕೆ ಹೊಸದನ್ನೇ ಹಾಕಿದೆ ಎಂಬುದನ್ನೂ ಹೇಳಿದೆ. ಅವರ ಮುಖ ಕೆಂಪಗಾಯಿತು. "ಇವತ್ತೇ ಜಾಗ ಖಾಲಿ ಮಾಡು" ಎಂದರು. ನಾನು ಬ್ಯಾಗು ತೆಗೆದುಕೊಳ್ಳಲು ತಿರುಗಿದೆ.

"ಇವಳನ್ನ ಕಳಿಸ್ಬ್ಯಾಡಿ" ಎಂದರು ಪರೀಕ್ಷೆ ಮೇಡಂ.

ಯಜಮಾನರು ನಂಬದವರಂತೆ ನೋಡಿದರು. "ನೀನೇ ತಾನೇ ದಿನಾ ಕಳಿಸಿ ಕಳಿಸಿ ಅಂತಿದ್ದೋಳು?"

"ಇವಳು ಹೋದ್ರೆ ಇನ್ನೊಬ್ಳು ಬತ್ತಾಳೆ. ಅವಳು ಸುಳ್ಳು ಯೋಳಿ ಕಲಿಯೋಗಂಟ ನಾವು ಮತ್ತೆ ಯಾರ್ ಮನೆ ಹುಳ ಸುಡಾನ? ಇವಳು ಕಲ್ತಾಗೈತೆ."

ಹೊಸದನ್ನು ತೆಗೆದು ಹಳೆಯ ಆವೃತ್ತಿ ಹಾಕಿದೆ. ಅವರು ನನ್ನ ಪಕ್ಕದಲ್ಲಿ ತಮ್ಮ ಕುರ್ಚಿಯನ್ನು ಎಳೆದುಕೊಂಡು ಕೂತು, ಮೊದಲ ಪುಸ್ತಕದ ಮೊದಲ ಪುಟದಿಂದ ಓದತೊಡಗಿದರು. ನೂರಕ್ಕೆ ನಿಲ್ಲಲಿಲ್ಲ. ಐದೂ ಪುಸ್ತಕ. ಅವರು ಓದುವುದು, ನಾನು ಹಾಕುವುದು, ತೆಗೆದು ತೋರಿಸುವುದು, ಅವರು ನೋಡಿ 'ಹ್ಞೂಂ' ಎನ್ನುವುದು. ದೀರ್ಘ ಬಂದಾಗಲೆಲ್ಲ ಬೇಕೆಂದೇ ಎಳೆದು ಓದುತ್ತಿದ್ದರು: ಗಾಆಆ. ನನಗೆ ಮೈ ಉರಿಯುತ್ತಿತ್ತು. ಬೆರಳು ತಪ್ಪಿದರೆ "ಕಣ್ ಎಲ್ಲದೆ?" ಎನ್ನುತ್ತಿದ್ದರು. ಹನ್ನೆರಡು ದಿನ ಹಿಡಿಯಿತು. ಕೊನೆಯ ದಿನಗಳಲ್ಲಿ ಅವರು ಪುಸ್ತಕವನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿಯುತ್ತಿದ್ದುದನ್ನು ಗಮನಿಸಿದೆ. ಕೇಳಲಿಲ್ಲ.

ಹದಿಮೂರನೇ ದಿನ ಅವರೇ ಯಜಮಾನರಿಗೆ ಹೇಳಿ ಕೆಲಸ ಬಿಟ್ಟರು. ಬಲಗಣ್ಣಿಗೆ ಮಂಜು ಕವಿಯತೊಡಗಿ ವರ್ಷವಾಗಿತ್ತಂತೆ. ಅದಕ್ಕೇ ಎರಡನೇ ಸಲದ ಪರೀಕ್ಷೆಯನ್ನು ಅಷ್ಟು ಹಟ ಹಿಡಿದು ಮಾಡುತ್ತಿದ್ದದ್ದು. "ನನ್ ಜಾಗಕ್ಕೆ ಒಬ್ರನ್ನ ಹಾಕಬ್ಯಾಡಿ, ಇಬ್ರನ್ನ ಹಾಕಿ. ಒಬ್ರು ನೋಡಿದ್ದ ಇನ್ನೊಬ್ರು ನೋಡ್ಲಿ" ಎಂದು ಹೇಳಿ ಹೋದರಂತೆ. ಗೇಟಿನ ಹತ್ತಿರ ನಾನು ಎದುರಾದೆ. ಏನಾದರೂ ಹೇಳಬೇಕೆನ್ನಿಸಿ, "ನಿಮ್ಮ ಊರಿನ ವಿಳಾಸ ಕೊಡಿ ಮೇಡಂ" ಎಂದೆ.

"ಯಾಕೆ? ನೋಡಕ್ಕೆ ಬತ್ತೀಯಾ? ಬ್ಯಾಡ" ಎಂದು ಕನಕಪುರದ ಬಸ್ಸು ಹತ್ತಿದರು.

ನಾನು ಆ ಬಿಡದಿಯ ಕಾರ್ಖಾನೆಗೆ ಅರ್ಜಿ ಹಾಕಲಿಲ್ಲ. ಇನ್ನೂ ಆರು ವರ್ಷ ಮೊಟ್ಟೆ ಕೇಂದ್ರದಲ್ಲೇ ದುಡಿದು, ಆಮೇಲೆ ಇದೇ ಕೆಲಸವನ್ನು ಬೇರೆ ಬೇರೆ ಕಡೆ ಮಾಡಿದೆ. ಈಗಲೂ ಯಾವುದಾದರೂ ಕಾರ್ಖಾನೆಯಲ್ಲಿ ಯಾವ ಆವೃತ್ತಿ ಹಾಕೋಣ ಎಂದು ಕೇಳಿದರೆ ನಾನು ಕೂಡಲೇ ಉತ್ತರ ಕೊಡುವುದಿಲ್ಲ. ಅಲ್ಲಿ ನನ್ನನ್ನು ಕಂಡರೆ ಆಗದವರು ಯಾರು ಎಂದು ಮೊದಲು ಹುಡುಕುತ್ತೇನೆ. ಅವರ ಪಕ್ಕ ಕುರ್ಚಿ ಹಾಕಿಕೊಂಡು, "ನೀವು ಓದಿ, ನಾನು ಹಾಕ್ತೀನಿ" ಎನ್ನುತ್ತೇನೆ.

ಪರೀಕ್ಷೆ ಮೇಡಂ ತೀರಿಹೋದ ಸುದ್ದಿ ಯಜಮಾನರ ಫೋನಿನಿಂದ ತಿಳಿಯಿತು. ಹನ್ನೊಂದನೇ ದಿನದ ಕಾರ್ಯಕ್ಕೆ, ಕನಕಪುರದಾಚೆಯ ಅವರ ಊರಿಗೆ, ದಾರಿ ಕೇಳಿಕೊಂಡು ಹೋದೆ. ಚಪ್ಪರದ ಕೆಳಗೆ ಜನ ಪಂಕ್ತಿ ಕೂತಿದ್ದರು. ಗುರುತಿನವರು ಒಬ್ಬರೂ ಇರಲಿಲ್ಲ. ಅವರಂತೆಯೇ ಗದ್ದ ಚೂಪಾದ ಒಬ್ಬ ಮುದುಕಿ, ತಂಗಿ ಇರಬೇಕು, ನನ್ನ ಹತ್ತಿರ ಬಂದು ಕೇಳಿದಳು.

"ಯಾರ ಕಡೇರವ್ವಾ ನೀನು?"

ಏನು ಹೇಳುವುದು? ಸ್ನೇಹಿತೆ ಅನ್ನಲು ಬಾಯಿ ಬರಲಿಲ್ಲ. ಶಿಷ್ಯೆ ಅಂದರೆ ಅವರು ಒಪ್ಪುತ್ತಿರಲಿಲ್ಲ.

"ಅವರ ಜೊತೆ ಕೆಲಸ ಮಾಡ್ತಿದ್ದೆ ಅಮ್ಮ. ನಮ್ಮಿಬ್ಬರಿಗೂ ಆಗ್ತಿರಲಿಲ್ಲ" ಎಂದೆ.

ಮುದುಕಿ ನನ್ನ ಮುಖವನ್ನೇ ನೋಡಿದಳು. ಆಮೇಲೆ ಸೆರಗಿನಿಂದ ಬಾಯಿ ಒರೆಸಿಕೊಂಡು, "ಅವಳಿಗೆ ಯಾರ್ ಜೊತೆ ತಾನೆ ಆಗ್ತಿತ್ತು? ನಂಗೂ ಆಗ್ತಿರ್ನಿಲ್ಲ" ಎಂದು ನನ್ನ ಭುಜ ಹಿಡಿದು ಕೂರಿಸಿದಳು. "ಕುಂತ್ಕಾ. ಉಣ್ಣು."

ಎಲೆ ಹಾಕಿದರು. ಕೂತು ಉಂಡೆ.